ತೆಳು ಸ್ಯಾಂಪಲ್‌ನಲ್ಲಿ ಬಿಡಿಸಿದ ಇ6 ರಚನೆ: ನನ್ನ ಅನುಭವ

ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ-16 ವೈರಸ್ಸಿನ ಇ6 ಪ್ರೋಟೀನಿನ ಸಿ-ತುದಿಯ (ಎಂದರೆ ಸರಪಳಿಯ ಕೊನೆಯ) ಅರ್ಧಭಾಗದ ರಚನೆಯನ್ನು ನಮ್ಮದೇ ಸ್ಯಾಂಪಲ್‌ನಿಂದ, ನಮ್ಮದೇ ಬಫರ್‌ನಲ್ಲಿ (ಪಿಎಚ್ ಕಾಯುವ ದ್ರಾವಣದಲ್ಲಿ), ಆಯಸ್ಕಾಂತದೊಳಗಿಟ್ಟ ಪರಮಾಣುಗಳ ಸಂಕೇತ ಓದುವ ಎನ್‌ಎಮ್‌ಆರ್ ಮೂಲಕ ಬಿಡಿಸುತ್ತೇವೆಂದು ಹೇಳಿದಾಗ, ಈ ಕೆಲಸದಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಪ್ರಾಧ್ಯಾಪಕರೊಬ್ಬರು, "ಅದು ಎನ್‌ಎಮ್‌ಆರ್‌ಗೆ ಬಗ್ಗುವ ಪ್ರೋಟೀನ್ ಅಲ್ಲ ಕಣಯ್ಯಾ, ಸುಮ್ಮನೆ ಗ್ಲೂಕೋಸ್ ದಂಡ ಮಾಡಬೇಡ" ಎಂದಿದ್ದರು. ಎನ್‌ಎಮ್‌ಆರ್‌ಗೆಂದು ಬ್ಯಾಕ್ಟೀರಿಯಾಗೆ ಉಣಿಸುವ ದುಬಾರಿ ಕಾರ್ಬನ್-13 ಗ್ಲೂಕೋಸಿನ ಮಾತದು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಪೂರ್ತಿಯಲ್ಲ: ಸ್ಟ್ರಾಸ್‌ಬರ್ಗಿನ ತಂಡವು ಈ ಅರ್ಧಭಾಗದ ರಚನೆಯನ್ನು 2006ರಲ್ಲಿಯೇ ಪ್ರಕಟಿಸಿತ್ತು. ಆದುದರಿಂದ ಮೊದಲಿಗನೆಂಬ ಹೆಮ್ಮೆ ನನ್ನದಲ್ಲ. ಆದರೆ ಇ6ನ ಬಾಲ ನಮ್ಮ ಕೋಶದ ಪ್ರೋಟೀನ್‌ಗಳಲ್ಲಿರುವ ಪಿಡಿಜೆಡ್ ಎಂಬ ಭಾಗಗಳಿಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ನೋಡಬೇಕಾದರೆ ಬೇರೆಯವರ ನಿರ್ದೇಶಾಂಕಗಳು ಸಾಲುವುದಿಲ್ಲ. ನಮ್ಮ ಟ್ಯೂಬಿನ ಸ್ಪೆಕ್ಟ್ರಮ್‌ನಲ್ಲಿ ಕಾಣುವ ಪ್ರತಿಯೊಂದು ಪೀಕ್ ಯಾವ ಅಮೈನೋ ಆಮ್ಲದ್ದು ಎಂಬುದು ನಮಗೆ ತಿಳಿದಿರಬೇಕು. ಮೈಸೂರಿನಲ್ಲಿ ಪ್ರೋಟೀನ್ ತಯಾರಿಸಿ, ಬೆಂಗಳೂರಿನ ಯಂತ್ರದಲ್ಲಿ ದಿನಗಟ್ಟಲೆ ಓಡಿಸುವುದು ಸಾಧ್ಯವೇ ಎಂಬುದು ಎಲ್ಲರ ಅನುಮಾನವಾಗಿತ್ತು.

ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲಗಳ ಕಾಟ ಇ6 ಹಿಡಿದವರಿಗೆಲ್ಲ ಗೊತ್ತಿರುವುದೇ. ಸಿ-ಭಾಗದಲ್ಲಿ 103, 106, 136 ಮತ್ತು 139ನೆಯ ಸಿಸ್ಟೀನ್‌ಗಳು ಸತುವನ್ನು ಹಿಡಿದುಕೊಳ್ಳುತ್ತವೆ. 80, 97, 111 ಮತ್ತು 140 ಮಾತ್ರ ಕೆಲಸವಿಲ್ಲದೆ ಕುಳಿತು, ಸಂದು ಸಿಕ್ಕಿದೊಡನೆ ಪಕ್ಕದ ಅಣುವಿನೊಂದಿಗೆ ಕೈಕೈ ಹಿಡಿಯುತ್ತವೆ. ಇವುಗಳಲ್ಲಿ 140 ಬಲು ಕಿಡಿಗೇಡಿ, ಏಕೆಂದರೆ ಅದು ಸತು ಹಿಡಿದ 139ರ ಮಗ್ಗುಲಲ್ಲೇ ಇದೆ. ಸ್ಟ್ರಾಸ್‌ಬರ್ಗಿನವರಂತೆಯೇ ನಾಲ್ಕನ್ನೂ ಗಂಧಕವಿಲ್ಲದ ಸೆರೀನ್‌ಗೆ ಬದಲಾಯಿಸಿದೆವು. ಮೊದಲು ಮೂರನ್ನಷ್ಟೇ ಬದಲಾಯಿಸಿ, 140ನ್ನು ಉಳಿಸಿ ನೋಡುವ ದುರಾಸೆ ನನಗಿತ್ತು. ಆ ಸ್ಯಾಂಪಲ್ ಮರುದಿನವೇ ಬಿಳಿಚಿತು.

ಮೊದಲ ವರ್ಷದ ಸೋಲುಗಳಲ್ಲಿ ಹೆಚ್ಚಿನವು ನನ್ನ ಸ್ವಂತ ತಪ್ಪುಗಳೇ. ಕೋಶ ಒಡೆಯುವಾಗ ಪ್ರೋಟಿಯೇಸ್‌ಗಳನ್ನು (ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು) ತಡೆಯುವ ಮಾತ್ರೆಯನ್ನು ಹಾಕುವುದು ನಮ್ಮ ಲ್ಯಾಬಿನ ಹಳೆಯ ಅಭ್ಯಾಸ. ಆ ಮಾತ್ರೆಯಲ್ಲಿ ಲೋಹಗಳನ್ನು ಸೆಳೆದುಕೊಳ್ಳುವ ಇಡಿಟಿಎ ಇದೆಯೆಂಬುದನ್ನು ಡಬ್ಬಿಯ ಮೇಲೆ ಓದಲು ನನಗೆ ಮೂರು ತಿಂಗಳು ಬೇಕಾಯಿತು. ಅಷ್ಟರವರೆಗೆ ನಾವು ಒಂದು ಕೈಯಿಂದ ಮೀಡಿಯಾಗೆ ಸತುವಿನ ಸಲ್ಫೇಟ್ ಹಾಕಿ, ಇನ್ನೊಂದು ಕೈಯಿಂದ ಅದನ್ನು ಕಿತ್ತುಕೊಳ್ಳುತ್ತಿದ್ದೆವು. ಆಮೇಲೆ ಫಾಸ್ಫೇಟ್ ಬಫರ್. ಅದು ಸತುವನ್ನು ತಳಕ್ಕಿಳಿಸಿತು. ಟ್ರಿಸ್ ಎಂಬ ಬಫರ್‌ಗೆ ಬಂದು, ಪಿಎಚ್ 6.8ಕ್ಕೆ ನಿಲ್ಲಿಸಿ, ಬಫರನ್ನು ಆರ್ಗಾನ್ ಹಾಯಿಸಿ ಬಳಸತೊಡಗಿದ ಮೇಲೆ ಸ್ವಲ್ಪ ಉಸಿರಾಡುವಂತಾಯಿತು. ಸಿಸ್ಟೀನ್‌ಗಳು ಪರಸ್ಪರ ಅಂಟದಂತೆ ಕಾಯುವ ಡಿಟಿಟಿಯನ್ನೂ ಸತುವನ್ನೂ ಯಾವ ಕ್ರಮದಲ್ಲಿ, ಯಾವ ಹಂತದಲ್ಲಿ ಸೇರಿಸಬೇಕೆಂಬುದರಲ್ಲಿ ಒಂದು ಗುಟ್ಟಿದೆ. ಅದಕ್ಕಾಗಿ ನನ್ನ ವಿದ್ಯಾರ್ಥಿನಿ ಎಂಟು ತಿಂಗಳು ತೆತ್ತಿದ್ದಾಳೆ. ಅವಳ ಪ್ರಬಂಧ ಹೊರಬರುವವರೆಗೆ ಅದನ್ನು ಬರೆಯುವ ಹಕ್ಕು ನನಗಿಲ್ಲ.

ನಿಜವಾದ ಕಳ್ಳ ಬೇರೆಯೇ ಇದ್ದ. ಎಂಬಿಪಿಗೆ (ಇ6 ಕರಗಿ ನಿಲ್ಲಲೆಂದು ಅಂಟಿಸುವ ಇನ್ನೊಂದು ಪ್ರೋಟೀನಿಗೆ) ಜೋಡಿಸಿದ ಇ6, ಶುದ್ಧೀಕರಣದ ಕಾಲಮ್‌ನಿಂದ ಸ್ಫಟಿಕದಷ್ಟು ತಿಳಿಯಾಗಿ ಇಳಿಯುತ್ತದೆ, 0.22 ಮೈಕ್ರಾನ್ ಫಿಲ್ಟರನ್ನು ಸಲೀಸಾಗಿ ದಾಟುತ್ತದೆ, ಜೆಲ್‌ನಲ್ಲಿ ಒಂದೇ ಪಟ್ಟಿ ಕಾಣಿಸುತ್ತದೆ. ಆದರೂ ಅದರ ಬಹುಪಾಲು ನೀರಿನಲ್ಲಿ ಕರಗಿದಂತೆಯೇ ಕಾಣುವ ಮುದ್ದೆಯಾಗಿರುತ್ತದೆ. ಎಂಬಿಪಿ ಎಂಬ ಸಭ್ಯ ಅಂಗಿಯೊಳಗೆ ಇ6 ಮಡಚದೆಯೇ ಅವಿತಿರುತ್ತದೆ. ಎರಡನ್ನೂ ಕತ್ತರಿಸಿ ಬೇರೆ ಮಾಡುವ ಟಿಇವಿ ಎಂಬ ಕಿಣ್ವ ಹಾಕಿ ಅಂಗಿ ಬಿಚ್ಚಿದ ಅರ್ಧ ಗಂಟೆಯಲ್ಲಿ ಟ್ಯೂಬು ಮಜ್ಜಿಗೆಯಾಗುತ್ತದೆ. ಪ್ರತಿ ಅಮೈನೋ ಆಮ್ಲಕ್ಕೆ ಹೆಚ್ಚುಕಡಿಮೆ ಒಂದು ಪೀಕ್ ತೋರಿಸುವ ಎಚ್‌ಎಸ್‌ಕ್ಯೂಸಿ ಎಂಬ ಸ್ಪೆಕ್ಟ್ರಮ್ ತೆಗೆದಾಗ, ನನ್ನ ಮೊದಲನೆಯದರಲ್ಲಿ ಸುಮಾರು ಇಪ್ಪತ್ತು ಪೀಕ್‌ಗಳು, ಎಲ್ಲವೂ 8 ಮತ್ತು 8.5 ಪಿಪಿಎಮ್ ನಡುವೆ ಗುಂಪುಗೂಡಿದ್ದವು. ಅದನ್ನು ಮಡಚಿದ ಪ್ರೋಟೀನೆಂದು ನಂಬಿ ಒಂದು ವಾರ ಖುಷಿಪಟ್ಟಿದ್ದೆ. ಮಡಚಿದ್ದರೆ ಪೀಕ್‌ಗಳು ಅಗಲವಾಗಿ ಹರಡಬೇಕಿತ್ತು; ಕಂಡದ್ದು ತೂಗಾಡುವ ಬಾಲ ಮಾತ್ರ.

ಪರಿಹಾರ ಹೇಳಿದರೆ ನಗುವಷ್ಟು ಸರಳ. ಕತ್ತರಿಸುವ ಮೊದಲೇ, ಅಂಗಿ ತೊಟ್ಟ ಪ್ರೋಟೀನನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ 40,000 ಆರ್‌ಪಿಎಮ್‌ನಲ್ಲಿ, 4 ಡಿಗ್ರಿಯಲ್ಲಿ, ರಾತ್ರಿಯಿಡೀ, ಹದಿನಾರು ಗಂಟೆಯ ಆಸುಪಾಸು ತಿರುಗಿಸಿ, ಮೇಲಿನ ಮೂರರಲ್ಲಿ ಎರಡು ಪಾಲನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಟ್ಟುಬಿಡುವುದು. ಈ ಉಪಾಯವೂ ಸ್ಟ್ರಾಸ್‌ಬರ್ಗಿನವರದೇ. ಬೆಳಿಗ್ಗೆ ಟ್ಯೂಬನ್ನು ಬೆಳಕಿಗೆ ಹಿಡಿದಾಗ ತಳಕ್ಕೆ ಅಂಟಿದ ಜೇನಿನಂತಹ ಪದರವೊಂದು ಕಂಡಿತು. ನಾವು ಒಂದು ವರ್ಷದಿಂದ ಸ್ಪೆಕ್ಟ್ರಮ್ ತೆಗೆಯಲು ಹೆಣಗುತ್ತಿದ್ದುದು ಆ ಜೇನಿನದೇ. ಮೇಲಿನ ಪಾಲನ್ನು ಕತ್ತರಿಸಿ ಗಾತ್ರದ ಮೇಲೆ ಪ್ರೋಟೀನ್ ಬೇರ್ಪಡಿಸುವ ಸೂಪರ್‌ಡೆಕ್ಸ್ 75 ಕಾಲಮ್‌ನಲ್ಲಿ ಹಾಯಿಸಿದಾಗ ಮಜ್ಜಿಗೆಯಾಗಲಿಲ್ಲ. ಪೀಕ್‌ಗಳು ಅರವತ್ತು ದಾಟಿ, 7ರಿಂದ 9.5ರವರೆಗೆ ಹರಡಿ ಕುಳಿತವು.

ಇಲ್ಲಿಂದ ನನ್ನ ಮತ್ತು ಆ ಹಿರಿಯರ ದಾರಿ ಬೇರೆಯಾಯಿತು. ಸ್ಯಾಂಪಲಿನ ಸಾಂದ್ರತೆಯನ್ನು 0.6 ಮಿಲಿಮೋಲಾರ್‌ಗಾದರೂ ಏರಿಸದೆ, ಪರಮಾಣುಗಳ ನಡುವಿನ ಅಂತರ ತಿಳಿಸುವ ನೋಯೆಸಿ ಪ್ರಯೋಗ ತೆಗೆಯಲಾಗದು, ನಾಲ್ಕು ಪಟ್ಟು ತೆಳುವಾದರೆ ಹದಿನಾರು ಪಟ್ಟು ಸಮಯ ಬೇಕು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಲೆಕ್ಕ ಅವರ ಪಾಲಿಗಿತ್ತು, ಪ್ರೋಟೀನ್ ನನ್ನ ಪಾಲಿಗಿತ್ತು. 0.6ರ ಸ್ಯಾಂಪಲ್‌ನಲ್ಲಿ ಗೆರೆಗಳು ದಪ್ಪವಾಗಿ, ಎರಡನೆಯ ದಿನದ ಸಂಜೆಗೆ ಅರ್ಧ ಪೀಕ್‌ಗಳು ಮಾಯವಾಗುತ್ತಿದ್ದವು, 0.15ರದ್ದು ಐದು ದಿನ ಕದಲದೆ ನಿಲ್ಲುತ್ತಿತ್ತು. ಒಂದು ಲೀಟರ್ ಬೆಳೆಯಿಂದ ನಮಗೆ ದಕ್ಕುತ್ತಿದ್ದುದು ಸುಮಾರು ಎರಡು ಮಿಲಿಗ್ರಾಂ ಕತ್ತರಿಸಿದ ಪ್ರೋಟೀನ್. ಕಡಿಮೆ ದ್ರಾವಣ ಸಾಕಾಗುವ ಶಿಗೆಮಿ ಟ್ಯೂಬಿನಲ್ಲಿ 300 ಮೈಕ್ರೋಲೀಟರ್ ತೆಳು ಸ್ಯಾಂಪಲಿಗೆ 0.4 ಮಿಲಿಗ್ರಾಂ ಸಾಕು. ಅಂದರೆ ಎರಡು ದಿನದಲ್ಲಿ ಸಾಯುವ ಒಂದು ದಪ್ಪ ಸ್ಯಾಂಪಲಿನ ಬೆಲೆಗೆ, ತಲಾ ಐದು ದಿನ ಬಾಳುವ ಐದು ತೆಳು ಸ್ಯಾಂಪಲ್‌ಗಳು ಸಿಗುತ್ತವೆ. ಪ್ರತಿ ಪ್ರಯೋಗಕ್ಕೂ ಹೊಸ ಟ್ಯೂಬು, ಮೊದಲು ಮತ್ತು ಕೊನೆಗೆ ಹದಿನೈದು ನಿಮಿಷದ ಎಚ್‌ಎಸ್‌ಕ್ಯೂಸಿ, ಎರಡೂ ಒಂದರ ಮೇಲೊಂದು ಕೂರದಿದ್ದರೆ ಆ ಡೇಟಾ ಕಸದ ಬುಟ್ಟಿಗೆ: ಇಷ್ಟೇ ನಮ್ಮ ನಿಯಮವಾಗಿತ್ತು. ಸಂಕೇತ ಹಿಡಿಯುವ ಭಾಗವನ್ನು ಅತಿ ತಂಪಾಗಿಟ್ಟು ಸದ್ದು ತಗ್ಗಿಸುವ ಕ್ರಯೋಪ್ರೋಬ್ ಇಲ್ಲದೆ ಇದು ಆಗುತ್ತಿರಲಿಲ್ಲ ಎಂಬುದನ್ನೂ, 25-30 ಪ್ರತಿಶತ ಡೇಟಾ ಬಿಂದುಗಳನ್ನಷ್ಟೇ ಆಯ್ದು ತೆಗೆಯುವ ವಿಧಾನದಿಂದ ಸಮಯ ಉಳಿಯಿತೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಸಾಗಣೆಗೆ ಕಂಡುಕೊಂಡ ದಾರಿ ಮಾತ್ರ ನಮ್ಮದೇ. ಕತ್ತರಿಸಿದ ಪ್ರೋಟೀನ್ ಪ್ರಯಾಣ ತಡೆಯದು. ಅಂಗಿ ತೊಟ್ಟದ್ದು ತಡೆಯುತ್ತದೆ. ಹಾಗಾಗಿ ಎಂಬಿಪಿ ಸಹಿತವಾಗಿಯೇ ಥರ್ಮೋಕೋಲ್ ಡಬ್ಬದ ಮಂಜುಗಡ್ಡೆಯಲ್ಲಿ ಹುದುಗಿಸಿ, ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಿ, ಸ್ನೇಹಿತರ ಲ್ಯಾಬಿನಲ್ಲಿ ಟಿಇವಿ ಹಾಕಿ, ಕಾಲಮ್ ಓಡಿಸಿ, ಮರುದಿನ ಮಧ್ಯಾಹ್ನದೊಳಗೆ ಟ್ಯೂಬನ್ನು ಆಯಸ್ಕಾಂತಕ್ಕೆ ಇಳಿಸುತ್ತಿದ್ದೆ. ಮದ್ದೂರು ದಾಟಿದ ಮೇಲೆ ಒಮ್ಮೆ ಎದುರಿನ ಯಜಮಾನರು, "ಮೀನಾ ಸ್ವಾಮಿ?" ಎಂದು ಕೇಳಿದ್ದುಂಟು.

ಖರ್ಚಿನ ವಿಷಯ. ನೆನಪಿನಿಂದ ಹೇಳುವುದಾದರೆ, ಕಾರ್ಬನ್-13 ಗ್ಲೂಕೋಸ್ ತೆರಿಗೆ ಎಲ್ಲ ಸೇರಿ ಗ್ರಾಂಗೆ ಹನ್ನೆರಡು ಸಾವಿರದಷ್ಟು ಬಿತ್ತು. ಲೀಟರಿಗೆ ಎರಡು ಗ್ರಾಂ ಬೇಕು. ಮೂರು ಲೀಟರ್ ಬೆಳೆದೆವು, ಅದರಲ್ಲಿ ಒಂದು ಲೀಟರ್, ಮಳೆಗಾಲದ ರಾತ್ರಿ ಕರೆಂಟು ಹೋಗಿ ಶೇಕರ್ ನಿಂತುದರಿಂದ, ಇಪ್ಪತ್ತನಾಲ್ಕು ಸಾವಿರ ರೂಪಾಯಿಯ ಸಮೇತ ಸಿಂಕಿಗೆ ಹೋಯಿತು. ಯಂತ್ರದ ಬಾಡಿಗೆ ಮೂವತ್ತೆರಡು ದಿನಕ್ಕೆ ಒಂದು ಲಕ್ಷದ ಮೇಲೆ. ಟಿಇವಿಯನ್ನು ನಾವೇ ತಯಾರಿಸಿಕೊಂಡೆವು; ಕೊಂಡಿದ್ದರೆ ಮುಳುಗುತ್ತಿದ್ದೆವು. ಎಲ್ಲ ಕೂಡಿ ಮೂರು ಲಕ್ಷದೊಳಗೆ ಮುಗಿಯಿತು, ಸೋತ ವರ್ಷದ ಲೆಕ್ಕ ಬಿಟ್ಟು.

ಅಸೈನ್‌ಮೆಂಟ್, ಅಂದರೆ ಯಾವ ಪೀಕ್ ಯಾವ ಅಮೈನೋ ಆಮ್ಲದ್ದೆಂದು ಗುರುತಿಸುವುದನ್ನು, ಎಲ್ಲರೂ ಮಾಡುವಂತೆಯೇ ಮಾಡಿದೆವು. ನನಗೆ ಧೈರ್ಯ ಕೊಟ್ಟದ್ದು ಸಿಸ್ಟೀನ್‌ಗಳ ಬೀಟಾ ಕಾರ್ಬನ್ (ಗಂಧಕಕ್ಕೆ ಅಂಟಿದ ಕಾರ್ಬನ್): ನಾಲ್ಕೂ ಸತು ಹಿಡಿದ ಸಿಸ್ಟೀನ್‌ಗೆ ತಕ್ಕಂತೆ 30-31 ಪಿಪಿಎಮ್ ಹತ್ತಿರ ಕುಳಿತಿದ್ದವು. ಬಿಡಿಯಾಗಿದ್ದರೆ 28ರ ಸುತ್ತ, ಎರಡು ಗಂಧಕ ಕೂಡಿ ಡೈಸಲ್ಫೈಡ್ ಆಗಿದ್ದರೆ 40ರ ಸುತ್ತ ಇರಬೇಕಿತ್ತು. ಇದರ ನಡುವೆ, ಕೆಲಸಕ್ಕೆ ಬೇಕಿರದಿದ್ದರೂ, ಸತುವಿನ ಬದಲು ಕೋಬಾಲ್ಟ್ ಕೊಟ್ಟು ನೋಡಿದೆ. ತಿಳಿ ದ್ರಾವಣ ನವಿಲುಗರಿಯ ಹಸಿರು ನೀಲಿಗೆ ತಿರುಗಿದಾಗ, ನಾಲ್ಕು ಗಂಧಕಗಳು ಲೋಹವನ್ನು ಸುತ್ತುವರಿದಿವೆ ಎಂಬುದಕ್ಕೆ ಎರಡು ರೂಪಾಯಿಯ ಉಪ್ಪಿನಲ್ಲಿ ಸಾಕ್ಷಿ ದೊರೆಯಿತು. ಸತುವಿನ ಜಾಗದಲ್ಲಿ ಕೂರಿಸಿ ಎನ್‌ಎಮ್‌ಆರ್‌ನಲ್ಲೇ ನೋಡಬಹುದಾದ ಕ್ಯಾಡ್ಮಿಯಮ್-113ರ ಬೆಲೆ ವಿಚಾರಿಸಿ, ಆ ಪ್ರಯೋಗವನ್ನು ಅಲ್ಲಿಗೇ ಕೈಬಿಟ್ಟೆ.

ರಚನೆಯ ಲೆಕ್ಕ ಕಟ್ಟುವಾಗ ಸತುವನ್ನು ಬೇಕೆಂದೇ ಹೊರಗಿಟ್ಟೆ. ಸಾವಿರದ ನೂರರಷ್ಟು ನೋಯೆ (ನೋಯೆಸಿಯಿಂದ ಸಿಕ್ಕ) ಅಂತರಗಳು ಮತ್ತು ಟ್ಯಾಲೋಸ್ ಎಂಬ ಸಾಫ್ಟ್‌ವೇರ್ ಕೊಟ್ಟ ಕೋನಗಳಿಂದ ಮಾತ್ರ, ರಚನೆ ಕಟ್ಟುವ ಸಯಾನಾ ಎಂಬ ಸಾಫ್ಟ್‌ವೇರ್ ಓಡಿಸಿದಾಗ, ಯಾರೂ ಹೇಳದೆಯೇ ನಾಲ್ಕು ಗಂಧಕಗಳು ಒಂದು ಮೂಲೆಯಲ್ಲಿ, ಐದು ಆಂಗ್‌ಸ್ಟ್ರಮ್‌ಗಳ ಆಸುಪಾಸಿನಲ್ಲಿ ಬಂದು ಸೇರಿದ್ದವು. ಆಮೇಲೆಯೇ ಸತು-ಗಂಧಕಕ್ಕೆ 2.3 ಆಂಗ್‌ಸ್ಟ್ರಮ್ ಕೊಟ್ಟು ಮತ್ತೆ ಓಡಿಸಿದೆ. ಇನ್ನೂರರಲ್ಲಿ ಆಯ್ದ ಇಪ್ಪತ್ತು ರಚನೆಗಳು, ಬಾಲ ಬಿಟ್ಟರೆ, 0.6 ಆಂಗ್‌ಸ್ಟ್ರಮ್‌ನೊಳಗೆ ಒಂದರ ಮೇಲೊಂದು ಕುಳಿತವು. 2006ರ ಮಡಿಕೆಯೊಂದಿಗೂ ಹೊಂದಿದವು. ಹಿರಿಯರು ಚಿತ್ರವನ್ನು ಬಹಳ ಹೊತ್ತು ನೋಡಿ, "ಬಫರ್ ಯಾವುದಯ್ಯಾ?" ಎಂದು ಕೇಳಿದರು.

ಈಗ ಪಿಡಿಜೆಡ್ ಬೆರೆಸುತ್ತಿದ್ದೇವೆ. ಸ್ಪೆಕ್ಟ್ರಮ್‌ನ ಕೆಳ ಅಂಚಿನಲ್ಲಿ ಒಂಟಿಯಾಗಿ, ಚೂಪಾಗಿ ನಿಲ್ಲುವ 151ನೆಯ ಲ್ಯೂಸಿನ್‌ನ (ಬಾಲದ ಕಟ್ಟಕಡೆಯ ಅಮೈನೋ ಆಮ್ಲದ) ಪೀಕ್, ಕಾಲು ಪಾಲು ಪಿಡಿಜೆಡ್ ಸೇರಿಸುತ್ತಿದ್ದಂತೆಯೇ ಮಂಕಾಗುತ್ತದೆ. ಮಡಚಿದ ಭಾಗದ ಪೀಕ್‌ಗಳು ಸದ್ಯಕ್ಕೆ ಅಲುಗಿಲ್ಲ.