ಕಪ್ಪೋ ಕಡುನೀಲಿಯೋ: ಕಣ್ಣನ್ನು ಮತ್ತೆ ಪಳಗಿಸಿಕೊಂಡ ನನ್ನ ಅನುಭವ

ಬೆಂಗಳೂರಿನ ಕಬ್ಬನ್‌ಪೇಟೆಯ ನಮ್ಮ ಬಣ್ಣದ ಮನೆಯಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತ ನನಗೆ ಮೂವತ್ತೊಂದು ವರ್ಷ ತುಂಬಿದ್ದಾಗ, ದೊಡ್ಡಬಳ್ಳಾಪುರದ ನೇಕಾರರೊಬ್ಬರು ಎರಡು ಕಟ್ಟು ನೂಲನ್ನು ವಾಪಸು ತಂದು ಮುಂದಿಟ್ಟರು. ಸೀರೆಯ ಅಂಚಿಗೆಂದು ಅವರು ಹೇಳಿದ್ದುದು ಅಚ್ಚ ಕಪ್ಪು. "ಯಜಮಾನ್ರೇ, ಇದರಲ್ಲಿ ಅರ್ಧಕ್ಕರ್ಧ ನೇವಿ ಬ್ಲೂ ಸೇರಿಕೊಂಡಿದೆ, ನೀವೇ ನೋಡಿ" ಎಂದರು. ನೋಡಿದೆ, ಕಟ್ಟಿನೊಳಗಿನ ನೂಲಿನ ಸುರುಳಿಗಳು, ಅಂದರೆ ಲಡಿಗಳು, ನನಗೆ ಎಲ್ಲವೂ ಕಪ್ಪಾಗಿಯೇ ಕಂಡವು. ತಮ್ಮನ ಮಗನನ್ನು ಕರೆದೆ. ಅವನು ಅವನ್ನು ಬಾಗಿಲ ಬಳಿಗೆ ಒಯ್ದು, ನಿಮಿಷದೊಳಗೆ ಎರಡು ಗುಡ್ಡೆ ಮಾಡಿ, "ದೊಡ್ಡಪ್ಪ, ಇವು ಅವತ್ತು ಪಕ್ಕದ ಹಂಡೆಯಲ್ಲಿ ಅದ್ದಿದ್ದವು" ಎಂದು ಮೆಲ್ಲಗೆ ಹೇಳಿದ. ಒಣಗಿದ ಮೇಲೆ ಎರಡನ್ನೂ ಸೇರಿಸಿ ಕಟ್ಟು ಕಟ್ಟಿದ್ದವನು ನಾನೇ ಆಗಿದ್ದೆ.

ಕಣ್ಣಿನ ವೈದ್ಯರು ಎರಡು ಕಣ್ಣಿಗೂ ಪೊರೆ ಬಂದಿದೆ ಎಂದರು. ವಯಸ್ಸಾಗುತ್ತ ಹೋದಂತೆ ಕಣ್ಣಿನ ಮಸೂರದಲ್ಲಿರುವ ಪ್ರೋಟೀನುಗಳು ಬದಲಾಗಿ ಅದು ಹಳದಿಗಟ್ಟುತ್ತದೆ, ಹಳದಿ ಗಾಜಿನಂತೆ ನೀಲಿ ಮತ್ತು ನೇರಳೆ ಬೆಳಕನ್ನೇ ಹೆಚ್ಚಾಗಿ ತಡೆಯುತ್ತದೆ. ಹಾಗಾದರೆ ಇಷ್ಟು ವರ್ಷ ನನಗೇಕೆ ತಿಳಿಯಲಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಉತ್ತರ ನಮ್ಮ ಕೆಲಸದ ರೀತಿಯಲ್ಲಿಯೇ ಇತ್ತು. ಗಿರಾಕಿ ತಂದ ಮಾದರಿಯ ಚೂರನ್ನೂ ನಾನು ಅದ್ದಿದ ಲಡಿಯನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನಮ್ಮ ಪದ್ಧತಿ. ಎರಡನ್ನೂ ಒಂದೇ ಹಳದಿ ಗಾಜಿನ ಮೂಲಕ ನೋಡುತ್ತಿದ್ದುದರಿಂದ ಕುಂಕುಮ ಕೆಂಪಾಗಲಿ ಗಿಳಿ ಹಸಿರಾಗಲಿ ಹೊಂದಿಕೆ ಸರಿಯಾಗಿಯೇ ಬರುತ್ತಿತ್ತು. ನೀಲಿ ಬೆಳಕೊಂದನ್ನೇ ಆಧರಿಸಿ ಬೇರ್ಪಡುವ ಜೋಡಿಗಳು ಮಾತ್ರ, ಅಂದರೆ ಕಪ್ಪು ಮತ್ತು ಕಡುನೀಲಿ, ಬಿಳಿ ಮತ್ತು ತೆಳು ನಿಂಬೆ ಹಳದಿ, ಸದ್ದಿಲ್ಲದೆ ಒಂದಾಗಿಬಿಟ್ಟಿದ್ದವು. ಮಿದುಳು ಕೂಡ ಬಿಳಿ ಪಂಚೆಯನ್ನು ಬಿಳಿಯೆಂದೇ ಒಪ್ಪಿಸುತ್ತ ಬಂದಿತ್ತು.

ಮೊದಲು ಬಲಗಣ್ಣಿಗೆ ಶಸ್ತ್ರಚಿಕಿತ್ಸೆ ಆಯಿತು. ಎಡಗಣ್ಣಿಗೆ ಆರು ವಾರ ಬಿಟ್ಟು ಎಂದರು. ಆ ಆರು ವಾರಗಳಲ್ಲಿ ಕಲಿತಷ್ಟನ್ನು ಅದಕ್ಕೂ ಮೊದಲಿನ ಮೂವತ್ತೊಂದು ವರ್ಷದಲ್ಲಿ ಕಲಿತಿರಲಿಲ್ಲವೇನೋ. ಪಟ್ಟಿ ಬಿಚ್ಚಿದ ಮರುದಿನ ಅಂಟು ತೆಗೆದ ಬಿಳಿ ಲಡಿಯೊಂದನ್ನು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಅದು ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟ ಹಳೆಯ ಪಂಚೆ. ಬಲಗಣ್ಣಿಗೆ ನೀಲಿ ಹಾಕಿ ಹಿಂಡಿ ಬಿಸಿಲಿಗೆ ಹರವಿದ ಪಂಚೆ. ಎರಡನ್ನೂ ತೆರೆದರೆ ಒಂದೇ ಬಿಳಿ! ಎರಡು ಕಣ್ಣುಗಳ ಎರಡು ಸಾಕ್ಷಿಗಳನ್ನು ಕೂಡಿಸಿ ಮಿದುಳು ತನ್ನದೇ ಒಂದು ತೀರ್ಪು ಕೊಡುತ್ತಿತ್ತು. ಹೊಸ ಕಣ್ಣಿನ ಆ ನೀಲಿ ಛಾಯೆಯೂ ವಾರಗಳು ಕಳೆದಂತೆ ತಾನಾಗಿ ಇಳಿಯತೊಡಗಿತು. ಮಸೂರ ಬದಲಾದ ಮೇಲೆ ಮಿದುಳು ತನ್ನ ಬಿಳಿಯನ್ನು ಮತ್ತೆ ಗೊತ್ತುಮಾಡಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವಂತೆ.

ಆ ಅವಧಿಯಲ್ಲಿ ಕಣ್ಣನ್ನು ನಂಬಿ ಮಾಲು ಕಳಿಸುವಂತಿರಲಿಲ್ಲ. ಆದ್ದರಿಂದ ನನಗೆ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ಹಸಿರಿನಿಂದ ನೀಲಿಯವರೆಗೆ ಬಣ್ಣದ ಪುಡಿಯ ತೂಕವನ್ನು ಸ್ವಲ್ಪಸ್ವಲ್ಪವೇ ಬದಲಿಸುತ್ತ ಹದಿನಾಲ್ಕು ಪುಟ್ಟ ಲಡಿಗಳನ್ನು ಅದ್ದಿ, ಒಳಮಡಿಕೆಯಲ್ಲಿ ಸಂಖ್ಯೆಯ ಚೀಟಿ ಕಟ್ಟಿದೆ. ಹುಡುಗ ಅವನ್ನು ಕಲೆಸಿ ಕೊಡಬೇಕು, ನಾನು ಸಾಲಾಗಿ ಜೋಡಿಸಬೇಕು. ಇದು ಹೊಸ ಉಪಾಯವೇನಲ್ಲ. 1943ರಲ್ಲಿ ರೂಪುಗೊಂಡ ಫಾರ್ನ್ಸ್‌ವರ್ತ್-ಮನ್ಸೆಲ್ 100 ಹ್ಯೂ (ವರ್ಣ) ಪರೀಕ್ಷೆಯಲ್ಲಿಯೂ ಬಣ್ಣದ ಬಿಲ್ಲೆಗಳನ್ನು ಹೀಗೆಯೇ ಜೋಡಿಸಬೇಕು. ಹೆಸರಿನಲ್ಲಿ ನೂರು ಎಂದಿದ್ದರೂ ಅದರ ಬಿಲ್ಲೆಗಳು 85 ಮಾತ್ರ. ಮೊದಲ ದಿನ ಬಲಗಣ್ಣಿನಿಂದ ಎರಡು ಲಡಿ ಹಿಂದುಮುಂದಾದವು, ಎಡಗಣ್ಣಿನಿಂದ ಏಳು.

ಪರೀಕ್ಷೆ ನಡೆಸುತ್ತಲೇ, ಅಪ್ಪ ಹೇಳುತ್ತಿದ್ದ "ಎಳೆ ನೋಡಬೇಡ, ಲಡಿ ನೋಡು" ಎಂಬ ಮಾತಿನ ಕಾರಣವೂ ತಿಳಿಯಿತು. ಬಣ್ಣ ಗುರುತಿಸುವ ಶಂಕುಕೋಶಗಳು ಕಣ್ಣಿನಲ್ಲಿ ಮೂರು ಬಗೆ. ಅವುಗಳಲ್ಲಿ ನೀಲಿಗೆ ಸ್ಪಂದಿಸುವವು ಬಹಳ ಕಡಿಮೆ, ದೃಷ್ಟಿ ಅತ್ಯಂತ ಚುರುಕಾಗಿರುವ ನಟ್ಟನಡುವಿನ ಚುಕ್ಕೆಯಲ್ಲಂತೂ ಅವು ಇಲ್ಲವೇ ಇಲ್ಲ. ಒಂದೇ ಎಳೆಯನ್ನು ದಿಟ್ಟಿಸಿದಾಗ ಅದರ ಬಿಂಬ ಬೀಳುವುದು ಆ ಚುಕ್ಕೆಯ ಮೇಲೆಯೇ ಆದ್ದರಿಂದ, ಹರೆಯದ ಕಣ್ಣುಳ್ಳವನೂ ನೀಲಿ ಹಸಿರುಗಳ ನಡುವೆ ತಡವರಿಸುತ್ತಾನೆ. ಅಂಗೈ ಅಗಲದ ಲಡಿ ಹಿಡಿದರೆ ಈ ತೊಡಕಿಲ್ಲ.

ಉಳಿದವು ಕೆಲಸದ ಶಿಸ್ತು. ಉತ್ತರದ ಕಿಟಕಿಯ ಬೆಳಕಿನಲ್ಲಿ, ಬೂದು ಬಟ್ಟೆ ಹಾಸಿದ ಮೇಜಿನ ಮೇಲೆ, ಒಣಗಿದ ನೂಲನ್ನು ಮಾತ್ರ ನೋಡುತ್ತೇನೆ. ಒದ್ದೆ ರೇಷ್ಮೆ ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಕೆಂಪನ್ನು ಹೆಚ್ಚು ಹೊತ್ತು ದಿಟ್ಟಿಸಿದರೆ ಕೆಂಪಿಗೆ ಸ್ಪಂದಿಸುವ ಶಂಕುಕೋಶಗಳು ದಣಿದು ಪಕ್ಕದ ಬೂದಿನಲ್ಲಿಯೂ ಹಸಿರು ಮಿಣುಕುವುದರಿಂದ, ನಾಲ್ಕೈದು ಸೆಕೆಂಡು ನೋಡಿ ಕಣ್ಣು ತೆಗೆಯುತ್ತೇನೆ. ಟ್ಯೂಬ್‌ಲೈಟಿನಲ್ಲಿ ಒಂದಾಗಿ ಕಂಡ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗುವುದುಂಟು. ಚಿಕ್ಕಪೇಟೆಯ ಅಂಗಡಿಗಳಲ್ಲಿ ಸೀರೆಯನ್ನು ಹೊಸ್ತಿಲ ಹೊರಗೆ ತಂದು ನೋಡಿಯೇ ಕೊಳ್ಳುವ ಹೆಂಗಸರನ್ನು ಕಂಡು ಕೆಲವರು ನಗುತ್ತಾರೆ. ನಗಬೇಕಾದ್ದೇನೂ ಇಲ್ಲ, ಅವರು ಮಾಡುವುದೇ ಸರಿಯಾದ ಕ್ರಮ.

ಪಕ್ಕದ ಬಣ್ಣದ ಕಾಟ ಇನ್ನೊಂದು ಬಗೆಯದು. ಗೋಡೆಗೆ ತೂಗುಹಾಕುವ ಚಿತ್ರವಸ್ತ್ರಗಳನ್ನು ನೇಯುವ ಪ್ಯಾರಿಸಿನ ಗೋಬ್ಲಾ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥನಾಗಿ ಬಂದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ ಕಪ್ಪು ನೂಲು ಸಪ್ಪೆಯಾಗಿದೆ ಎಂಬ ದೂರು ಬಂದಿತ್ತು. ಆತ ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿಯೇ ಕಪ್ಪನ್ನು ಮಂಕಾಗಿಸಿತ್ತು. ಇದನ್ನು ಓದಿದಾಗ ನನ್ನ ಎರಡು ಕಟ್ಟುಗಳಿಗೂ ಇದೇ ನೆಪ ಹೇಳಿಬಿಡಬಹುದಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಆ ನೂಲಿಗೆ ಮತ್ತೆ ಕಪ್ಪು ಹಾಕಿಸಿ, ಕೂಲಿ ಬಿಟ್ಟು ಕಳಿಸಿಯಾಗಿತ್ತು.

ಎಡಗಣ್ಣಿನ ಶಸ್ತ್ರಚಿಕಿತ್ಸೆಯೂ ಮುಗಿದು ನಾಲ್ಕು ತಿಂಗಳಾದ ಮೇಲೆ ಹದಿನಾಲ್ಕು ಲಡಿಗಳೂ ತಪ್ಪಿಲ್ಲದೆ ಸಾಲುಗೂಡಿದವು. ಆ ಸಂಜೆ ಹಳೆಯ ಶೇಡ್ ಪುಸ್ತಕ ತೆಗೆದೆ. ಒಂದೊಂದು ಬಣ್ಣದ ನೂಲಿನ ಕುಚ್ಚನ್ನು ಹಾಳೆಗೆ ಹೊಲಿದು, ಕೆಳಗೆ ನನ್ನ ಅಕ್ಷರದಲ್ಲೇ ಹೆಸರು ಬರೆದಿರುವ ಪುಸ್ತಕ ಅದು. ಕೊನೆಯ ಐದಾರು ವರ್ಷದ ಹಾಳೆಗಳಲ್ಲಿ "ಕಪ್ಪು" ಎಂದು ಬರೆದಿದ್ದ ಹನ್ನೊಂದು ಕುಚ್ಚುಗಳಲ್ಲಿ ಮೂರು ಕಡುನೀಲಿ. ಹಳೆಯ ಬರಹವನ್ನು ಅಳಿಸಲಿಲ್ಲ. ಪ್ರತಿಯೊಂದರ ಕೆಳಗೂ ಆ ದಿನದ ತಾರೀಕು ಹಾಕಿ ಸರಿಯಾದ ಹೆಸರನ್ನು ಬರೆದೆ.