ಕೈಪಂಪನ್ನು ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಕೈಪಂಪು ನೀರು ಕೊಡದಿದ್ದಾಗ ಸ್ಪ್ಯಾನರ್ ಹಿಡಿದು ಹೊರಡುವ ಮೊದಲು ಹಿಡಿಯನ್ನು ಹತ್ತಾರು ಸಲ ಒತ್ತಿ ನೋಡಬೇಕು. ದೋಷ ಎಲ್ಲಿದೆ ಎಂಬುದನ್ನು ಕೈಗೆ ತಾಗುವ ಬಿಗಿತವೇ ಬಹುಮಟ್ಟಿಗೆ ತಿಳಿಸುತ್ತದೆ. ಹಿಡಿ ಹಗುರವಾಗಿ ಆಡುತ್ತಿದ್ದು ನೀರು ಏರದಿದ್ದರೆ ಪಿಸ್ಟನ್ನಿನ ತೊಗಲು ವಾಷರ್ ಸವೆದಿರಬಹುದು, ಒಣಗಿರಬಹುದು, ಇಲ್ಲವೇ ಕೊಳವೆಯ ಯಾವುದೋ ಕೀಲು ಗಾಳಿ ಎಳೆಯುತ್ತಿರಬಹುದು. ರಾತ್ರಿಯಿಡೀ ಸುಮ್ಮನಿದ್ದ ಪಂಪು ಬೆಳಿಗ್ಗೆ ಬಹಳ ಹೊತ್ತು ಸತಾಯಿಸಿದರೆ, ಕೆಳಗಿನ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ ಕೊಳವೆಯೊಳಗಿನ ನೀರು ಬಾವಿಗೆ ಇಳಿದುಹೋಗಿದೆ ಎಂದು ತಿಳಿಯಬಹುದು. ಹಿಡಿ ವಿಪರೀತ ಬಿಗಿಯಾಗಿದ್ದರೆ ತಳದ ಜರಡಿಯಲ್ಲಿ ಕೆಸರು ಕಟ್ಟಿಕೊಂಡಿರುವ ಸಂಭವವಿದೆ. ನೀರಿನ ಮಟ್ಟವನ್ನೂ ಅಳೆದು ನೋಡಿ: ಹೀರುವ ಪಂಪು ಸುಮಾರು 7 ಮೀಟರಿಗಿಂತ ಆಳದ ನೀರನ್ನು ಮೇಲಕ್ಕೆ ತರಲಾರದು, ಅಂಥಲ್ಲಿ ಎಷ್ಟು ವಾಷರ್ ಬದಲಿಸಿದರೂ ಪ್ರಯೋಜನವಿಲ್ಲ.

ಬಿಚ್ಚಲೇಬೇಕಾದರೆ ಭಾಗಗಳನ್ನು ತೆಗೆದ ಕ್ರಮದಲ್ಲಿಯೇ ಒಂದು ಬಟ್ಟೆಯ ಮೇಲೆ ಸಾಲಾಗಿಡಿ. ಹೊಸ ತೊಗಲು ವಾಷರನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಅದು ಮೆತ್ತಗಾದ ಬಳಿಕವೇ, ಬಟ್ಟಲಿನಂತಿರುವ ಅದರ ಅಂಚು ಮೇಲ್ಮುಖವಾಗಿರುವಂತೆ ಕೂರಿಸಬೇಕು. ತಲೆಕೆಳಗಾಗಿ ಕೂರಿಸಿದರೆ ಮೇಲಿನ ನೀರಿನ ಭಾರಕ್ಕೆ ಅಂಚು ಅರಳಿ ಸಿಲಿಂಡರಿಗೆ ಒತ್ತಿಕೊಳ್ಳುವುದಿಲ್ಲ, ನೀರು ಪಕ್ಕದಿಂದ ಜಾರಿಹೋಗುತ್ತದೆ. ವಾಲ್ವಿನ ಕೆಳಗೆ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಸೋರಿಕೆಗೆ ಅಷ್ಟು ಸಾಕು, ಹೀಗಾಗಿ ಅದರ ಆಸನವನ್ನು ಬೆರಳಿನಿಂದ ತಡವಿ ನೋಡಿ. ಸಿಲಿಂಡರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಉಜ್ಜುಕಾಗದ ಬೇಡ, ಅದು ಮೂಡಿಸುವ ಗೀರುಗಳು ಹೊಸ ವಾಷರನ್ನೂ ಬೇಗ ತಿಂದುಹಾಕುತ್ತವೆ. ಗ್ರೀಸ್ ಹೊರಗಿನ ಹಿಡಿಯ ಕೀಲಿಗೆ ಮಾತ್ರ. ಕುಡಿಯುವ ನೀರು ಹಾಯುವ ಕಡೆ ಅದಕ್ಕೆ ಜಾಗವಿಲ್ಲ.

ಬಿಚ್ಚಿ ಜೋಡಿಸಿದ ಪಂಪಿನೊಳಗೆ ಕೈಯ ಕೊಳೆಯೂ ಸೇರಿರುತ್ತದೆ. ಬಾವಿಯಲ್ಲಿರುವ ಪ್ರತಿ 1000 ಲೀಟರ್ ನೀರಿಗೆ ಸುಮಾರು 150 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕರಗಿಸಿ, ತಿಳಿಯಾದ ಮೇಲ್ಭಾಗವನ್ನು ಬಾವಿಗೆ ಸುರಿಯಿರಿ. ಕ್ಲೋರಿನ್ ವಾಸನೆ ಬಾಯಿಕೊಳವೆಯಲ್ಲಿ ಬರುವವರೆಗೂ ಪಂಪು ಒತ್ತಿ, ಕನಿಷ್ಠ 12 ಗಂಟೆ ಹಾಗೆಯೇ ಬಿಡಿ. ಆ ಅವಧಿಯಲ್ಲಿ ಯಾರೂ ನೀರು ಬಳಸದಂತೆ ಹಿಡಿಯನ್ನು ಕಟ್ಟಿಹಾಕುವುದು ಮೇಲು. ಅನಂತರ ವಾಸನೆ ಹೋಗುವ ತನಕ ನೀರು ಹೊರಹಾಕಬೇಕು. ಹೀರುವ ಪಂಪಿಗೆ ಮೇಲಿನಿಂದ ನೀರು ಹುಯ್ದು ಚಾಲನೆ ಕೊಡುವಾಗಲೂ ಶುದ್ಧ ನೀರನ್ನೇ ಬಳಸಬೇಕು. ಎಷ್ಟೋ ಮಂದಿ ಚರಂಡಿಯ ಪಕ್ಕದ ನೀರನ್ನೇ ಮೊಗೆದು ಹುಯ್ಯುತ್ತಾರೆ.

ತಿಂಗಳಿಗೊಮ್ಮೆ ನಟ್ಟು ಬೋಲ್ಟುಗಳನ್ನು ಬಿಗಿಗೊಳಿಸಿ, ಸುತ್ತಲಿನ ಕಟ್ಟೆಯಲ್ಲಿ ಬಿರುಕು ಕಂಡರೆ ಸಿಮೆಂಟ್ ತುಂಬಿ. ಆ ಬಿರುಕಿನಿಂದ ಇಂಗುವ ಕೊಳಚೆ ನೀರು ಅದೇ ಬಾವಿಗೆ ಸೇರುತ್ತದೆ.