ಬಾಡಿ ಯಾವುದಾದರೂ ಸರಿ, ಲೆನ್ಸ್ ಮೊದಲು: ಮೂರು ಮಿರರ್‌ಲೆಸ್ ಸಿಸ್ಟಮ್‌ಗಳ ಜೊತೆ ನನ್ನ ಅನುಭವ

ಕಲಬುರಗಿಯಲ್ಲಿ ನನ್ನ ಕೆಲಸ ಮೂರು ಥರದ್ದು: ಫಂಕ್ಷನ್ ಹಾಲ್‌ಗಳ ಮದುವೆ, ಕೋಟೆ-ಗುಮ್ಮಟಗಳ ಫೋಟೋ, ಬೀದರಿನ ಬಿದ್ರಿ ಸಾಮಾನಿನ ಪ್ರಾಡಕ್ಟ್ ಫೋಟೋ. ಇವಕ್ಕೆ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾಗಳಾದ ಸೋನಿ ಎ7 ಫೋರ್, ಕ್ಯಾನನ್ ಆರ್6 ಮಾರ್ಕ್ ಟು, ನಿಕಾನ್ ಝಡ್6 ಟು ಮೂರನ್ನೂ ಬಳಸಿದ್ದೇನೆ. ಗುಂಡಿಗಳನ್ನು ಒಂದೇ ರೀತಿ ಹೊಂದಿಸಿಕೊಂಡರೆ ಬಾಡಿಗಳ (ಲೆನ್ಸ್ ಬಿಟ್ಟು ಕ್ಯಾಮೆರಾ) ನಡುವಿನ ಮುಕ್ಕಾಲು ಪಾಲು ವ್ಯತ್ಯಾಸ ಕೈಗೆ ಗೊತ್ತೇ ಆಗುವುದಿಲ್ಲ. ಉಳಿಯುವುದು ಲೆನ್ಸ್, ಅದರ ಬೆಲೆ, ಮತ್ತು ಒಂದೆರಡು ಸೌಲಭ್ಯ. ಕೊಳ್ಳುವಾಗ ಅವನ್ನೇ ಮೊದಲು ನೋಡಬೇಕು.

ಬ್ಯಾಟರಿ, ಕಾರ್ಡ್ ಸೇರಿ ಸೋನಿ 658 ಗ್ರಾಂ, ಕ್ಯಾನನ್ 670, ನಿಕಾನ್ 705. ತೂಕ ಇಲ್ಲಿ ಲೆಕ್ಕಕ್ಕಿಲ್ಲ, ಹಿಡಿತ ಇದೆ. ನಿಕಾನ್ ಗ್ರಿಪ್ ಆಳ, ಕಿರುಬೆರಳೂ ಕೂರುತ್ತದೆ. ಸೋನಿಯಲ್ಲಿ ದೊಡ್ಡ ಕೈಯವರ ಕಿರುಬೆರಳು ಕೆಳಗೆ ಜಾರುತ್ತದೆ. 70-200 ಮಿ.ಮೀ. ಝೂಮ್ ಲೆನ್ಸ್ ಹಾಕಿ ಎರಡು ತಾಸು ನಿಂತರೆ ಮಣಿಕಟ್ಟಿಗೆ ತಿಳಿಯುತ್ತದೆ. ಸೋನಿ, ನಿಕಾನ್ ಎರಡರಲ್ಲೂ ಆನ್-ಆಫ್ ಸ್ವಿಚ್ ಶಟರ್ ಗುಂಡಿಯ ಸುತ್ತಲೇ ಇದೆ, ತೋರುಬೆರಳು ಸಾಕು. ಆರ್6 ಮಾರ್ಕ್ ಟುನಲ್ಲಿ ಅದು ಹಿಂದೆ ಬಲಕ್ಕೆ, ಹೆಬ್ಬೆರಳಿನ ಕೆಲಸ. ಎಡಗಡೆಯ ಸ್ವಿಚ್ ಫೋಟೋ-ವಿಡಿಯೋ ಬದಲಿಸಲಿಕ್ಕೆ. ಎಡಕ್ಕೆ ಆನ್-ಆಫ್ ಇದ್ದ ಹಳೇ ಕ್ಯಾಮೆರಾದ ರೂಢಿಯಲ್ಲಿ ಅದನ್ನು ಎಳೆದು ವಿಡಿಯೋಗೆ ಹೋಗುವ ತಪ್ಪು ಮೊದಲ ವಾರ ಎಲ್ಲರಿಗೂ ಆಗುತ್ತದೆ.

ಇನ್ನೊಂದು ಮಾತು, ಇಬ್ಬರು ಕೂಡಿ ಕೆಲಸ ಮಾಡುವವರಿಗೆ. ನಿಕಾನ್ ಲೆನ್ಸ್ ಕೂರಿಸುವಾಗ ತಿರುಗಿಸುವ ದಿಕ್ಕು ಸೋನಿ, ಕ್ಯಾನನ್‌ಗೆ ವಿರುದ್ಧ. ಗಡಿಬಿಡಿಯಲ್ಲಿ ಅರ್ಧ ಕೂತ ಲೆನ್ಸ್ ಕೈ ಬಿಟ್ಟರೆ ಬೀಳುವುದು ಫರ್ಸಿ ಕಲ್ಲಿನ ಮೇಲೆ. ‘ಟಕ್’ ಎಂದು ಲಾಕ್ ಬಿದ್ದ ಸದ್ದು ಕೇಳಿದ ಮೇಲೇ ಎಡಗೈ ಬಿಡಬೇಕು.

ಮೆನು ವಿಷಯಕ್ಕೆ ಬಂದರೆ ಕ್ಯಾನನ್ ಎಲ್ಲಕ್ಕಿಂತ ಸಲೀಸು. ಹೊಸ ಹುಡುಗನ ಕೈಗೆ ಕೊಟ್ಟರೂ ಅರ್ಧ ದಿನದಲ್ಲಿ ತಿಳಿದುಕೊಳ್ಳುತ್ತಾನೆ. ಸೋನಿಯ ಹಳೇ ಮೆನು, ಅಂದರೆ ಎ7 ತ್ರೀ ಕಾಲದ್ದು, ಹುಡುಕಿ ಸಾಕಾಗುವಂಥದ್ದು. 2020ರ ಎ7ಎಸ್ ತ್ರೀಯಿಂದ ಬಂದ ಹೊಸ ಮೆನು ಎಡಕ್ಕೆ ಟ್ಯಾಬ್, ಬಲಕ್ಕೆ ಪಟ್ಟಿ, ಟಚ್ ಕೂಡ ಉಂಟು. ಆದರೂ ನಾನು ಮೂರರಲ್ಲೂ ಮೆನುಗೆ ಹೋಗುವುದು ಕಡಿಮೆ. ಸೋನಿಯ ಎಫ್‌ಎನ್ ಪಟ್ಟಿ, ನಿಕಾನ್‌ನ ‘ಐ’ ಪಟ್ಟಿ ಎರಡರಲ್ಲೂ 12 ಜಾಗ. ಮೊದಲ ನಾಲ್ಕಕ್ಕೆ ಒಂದೇ ಕ್ರಮ ಇಟ್ಟುಕೊಂಡಿದ್ದೇನೆ: ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕ ಬಣ್ಣ), ಎಎಫ್ ಏರಿಯಾ (ಆಟೋಫೋಕಸ್ ಬೀಳುವ ಜಾಗ), ಸೈಲೆಂಟ್ ಶಟರ್, ಮೀಟರಿಂಗ್ (ಬೆಳಕಿನ ಅಳತೆ). ಕ್ಯಾನನ್‌ನಲ್ಲಿ ಇವೇ ನಾಲ್ಕು ಕ್ಯೂ ಗುಂಡಿ ಮತ್ತು ‘ಮೈ ಮೆನು’ ಒಳಗೆ.

ಆಮೇಲೆ ಶಟರ್ ಗುಂಡಿಯಿಂದ ಫೋಕಸ್ ಬಿಡಿಸಿ ಹಿಂದಿನ ಎಎಫ್-ಆನ್ ಗುಂಡಿಗೆ ಕೊಡುವುದು. ಸೋನಿಯಲ್ಲಿ ‘ಎಎಫ್ ವಿತ್ ಶಟರ್’ ಆಫ್, ನಿಕಾನ್‌ನಲ್ಲಿ ‘ಎಎಫ್ ಆಕ್ಟಿವೇಶನ್’ ಅನ್ನು ‘ಎಎಫ್-ಆನ್ ಓನ್ಲಿ’, ಕ್ಯಾನನ್‌ನಲ್ಲಿ ಗುಂಡಿಗಳ ಕಸ್ಟಮೈಸ್ ಒಳಗೆ ಶಟರ್ ಅರ್ಧ ಒತ್ತಿಗೆ ಬರೀ ‘ಮೀಟರಿಂಗ್ ಸ್ಟಾರ್ಟ್’. ಮೂರೂ ಕ್ಯಾಮೆರಾ ಹೆಬ್ಬೆರಳಿಗೆ ಒಂದೇ ಥರ ಆಗುವುದು ಇಲ್ಲಿಂದ.

ಕಣ್ಣು ಹಿಡಿಯುವ ಫೋಕಸ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಮ್ಮ ಕಡೆ ಮದುವೆಯಲ್ಲಿ ಕಣ್ಣು ಎಲ್ಲಿ ಕಾಣಬೇಕು! ಬಾಸಿಂಗದ ಮುತ್ತಿನ ಜಾಲರಿ ಹುಬ್ಬಿನವರೆಗೆ ಇಳಿದಿರುತ್ತದೆ. ನಿಖಾದಲ್ಲಿ ಸೆಹ್ರಾದ ಹೂವಿನ ಎಳೆಗಳು ಮುಖ ಪೂರ್ತಿ ಮುಚ್ಚುತ್ತವೆ. 85 ಮಿ.ಮೀ. ಲೆನ್ಸ್ ಎಫ್/1.8ರಲ್ಲಿ (ಲೆನ್ಸಿನ ಕಿಂಡಿ ಅಗಲವಾಗಿ ತೆರೆದು) ಎರಡು ಮೀಟರ್ ದೂರದಿಂದ ಹಿಡಿದರೆ ಸ್ಪಷ್ಟವಾಗಿ ಸಿಗುವ ಆಳ ಐದಾರು ಸೆಂಟಿಮೀಟರ್ ಮಾತ್ರ. ಹೂವಿನ ಎಳೆಗೆ ಫೋಕಸ್ ಬಿದ್ದರೆ ಕಣ್ಣು ಮಬ್ಬು. ಸಣ್ಣ ಪರದೆಯಲ್ಲಿ ಇದು ತಿಳಿಯುವುದಿಲ್ಲ, ಆಲ್ಬಂ ಮಾಡುವಾಗ ಗೊತ್ತಾಗುತ್ತದೆ. ಅದಕ್ಕೇ ಸಣ್ಣ ಬಿಂದುವಿನ ಫೋಕಸ್ ಒಂದು ಗುಂಡಿಯ ದೂರದಲ್ಲಿ ಇರಲೇಬೇಕು. ಕ್ಯಾನನ್‌ನಲ್ಲಿ ಎಎಫ್-ಆನ್‌ಗೆ ಒಂದೇ ಬಿಂದು, ಪಕ್ಕದ ನಕ್ಷತ್ರದ ಗುಂಡಿಗೆ ಕಣ್ಣಿನ ಫೋಕಸ್. ಸೋನಿಯಲ್ಲಿ ಎಇಎಲ್ ಗುಂಡಿಗೆ ಮೊದಲೇ ನೋಂದಾಯಿಸಿದ ಎಎಫ್ ಏರಿಯಾ. ಝಡ್6 ಟುನಲ್ಲಿ ಎಫ್‌ಎನ್2 ಒತ್ತಿ ಹಿಡಿದು ಮುಂದಿನ ಡಯಲ್ ತಿರುಗಿಸಬೇಕು. ಒಂದು ಹೆಜ್ಜೆ ಹೆಚ್ಚು, ಅಕ್ಕಿಕಾಳು ಬೀಳುವ ಹೊತ್ತಿಗೆ ಆ ಹೆಜ್ಜೆ ಭಾರವೇ. ಇದರಲ್ಲಿ ನಿಕಾನ್ ಹಿಂದೆ.

ನಿಕಾನ್ ಡಯಲಿನಲ್ಲಿ ನಮ್ಮ ಸೆಟ್ಟಿಂಗ್ ಉಳಿಸಿಡುವ ಯು1, ಯು2, ಯು3 ಬಳಸುವವರು ಇದನ್ನು ನೆನಪಿಡಬೇಕು: ಕೆಲಸದ ನಡುವೆ ಬದಲಿಸಿದ್ದು ಡಯಲ್ ತಿರುಗಿಸಿದಾಗ ಅಥವಾ ಕ್ಯಾಮೆರಾ ಆಫ್ ಮಾಡಿದಾಗ ಹೋಗಿಬಿಡುತ್ತದೆ. ಮತ್ತೆ ಆನ್ ಮಾಡಿದಾಗ ಹಳೇ ಶಟರ್ ವೇಗವೇ ಬಂದಿರುತ್ತದೆ. ಕ್ಯಾನನ್‌ನ ಅಂಥದ್ದೇ ಸಿ1-ಸಿ3ಕ್ಕೆ ತಾನಾಗಿ ಉಳಿಸಿಕೊಳ್ಳುವ ಆಯ್ಕೆ ಇದೆ.

ಹಾಲ್‌ನ ಎಲ್‌ಇಡಿ ಬೆಳಕು ಮೂರಕ್ಕೂ ಕಷ್ಟ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೈಲೆಂಟ್ ಶಟರ್ ಹಾಕಿದರೆ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಫೋಟೋಗೆ ಅಡ್ಡಪಟ್ಟಿ ಬೀಳುತ್ತದೆ. ಎ7 ಫೋರ್, ಝಡ್6 ಟು ನಿಧಾನವಾಗಿ ಓದುತ್ತವೆ, ಪಟ್ಟಿ ಹೆಚ್ಚು. ಆರ್6 ಮಾರ್ಕ್ ಟುನಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ವೇದಿಕೆಯ ಮೇಲೆ ನಾನು ಬಳಸುವುದು ಮೆಕ್ಯಾನಿಕಲ್ ಶಟರ್, ಮಿನುಗಿನ ಲೆಕ್ಕಕ್ಕೆ ಸರಿಯಾಗಿ 1/100 ಸೆಕೆಂಡು. ಹೊರಗೆ ಬಿಸಿಲಲ್ಲಿ ಎಫ್/1.8ರಲ್ಲಿ ಹಿಡಿಯುವಾಗ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ (ಶಟರಿನ ಮೊದಲ ಪರದೆಯ ಕೆಲಸ ಸೆನ್ಸರೇ ಮಾಡುವುದು) ಕೂಡ ಆಫ್. ಅದು ಆನ್ ಇದ್ದು 1/1000 ದಾಟಿದರೆ ಹಿನ್ನೆಲೆಯ ಮಸುಕಿನ ದುಂಡು ಬೆಳಕುಗಳ ಒಂದು ಅಂಚು ಕತ್ತರಿಸಿದ ಹಾಗೆ ಕಾಣುತ್ತದೆ.

ಧೂಳಿನ ಮಾತು ಹೇಳದಿದ್ದರೆ ಕಲಬುರಗಿಯ ಬರಹ ಅನ್ನಿಸಿಕೊಳ್ಳುವುದಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ಗಾಳಿಯೇ ಹೊಟ್ಟು. ಎ7 ಫೋರ್, ಆರ್6 ಮಾರ್ಕ್ ಟು ಎರಡರಲ್ಲೂ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಆಯ್ಕೆ ಮೆನುವಿನಲ್ಲಿದೆ, ತೆಗೆದುಕೊಂಡ ದಿನವೇ ಆನ್ ಮಾಡಿ. ಝಡ್6 ಟುನಲ್ಲಿ ಇಲ್ಲ, ಸೆನ್ಸರ್ ಬಯಲಿಗೆ ಬಿದ್ದಿರುತ್ತದೆ. ಯಾವ ಕ್ಯಾಮೆರಾ ಆದರೂ ಆಫ್ ಮಾಡಿ, ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಬಾಯಿ ನೆಲದ ಕಡೆ ಮಾಡಿಯೇ ಲೆನ್ಸ್ ಬದಲಿಸಬೇಕು. ಬ್ಲೋಅರ್ ಮಾತ್ರ ಬಳಸಿ. ಶಟರ್ ಮುಚ್ಚಿರುವಾಗ ಅದರ ತೆಳು ಪದರಕ್ಕೆ ಬೆರಳು ತಾಗಿದರೆ ರಿಪೇರಿ ಖರ್ಚು ದೊಡ್ಡದು.

ಬಿಸಿಲೂ ಹಾಗೇ. ಮೂರೂ ಕಂಪನಿಯವರು ಬರೆದಿರುವ ಮಿತಿ 40 ಡಿಗ್ರಿ. ಮೇ ತಿಂಗಳಲ್ಲಿ ನಮ್ಮಲ್ಲಿ ನೆರಳೇ ಅದನ್ನು ದಾಟುತ್ತದೆ. ಸೋನಿಯಲ್ಲಿ ‘ಆಟೋ ಪವರ್ ಆಫ್ ಟೆಂಪ್’ (ಬಿಸಿಯಾದರೆ ತಾನಾಗಿ ಆಫ್ ಆಗುವ ಮಟ್ಟ) ಅನ್ನು ‘ಹೈ’ಗೆ ಇಡುತ್ತೇನೆ, ವಿಡಿಯೋ ಮಾಡುವಾಗ ಪರದೆಯನ್ನು ಬಾಡಿಯಿಂದ ಹೊರಗೆ ತೆರೆದಿಡುತ್ತೇನೆ, ಮೆರವಣಿಗೆಯಲ್ಲಿ ಬಿಳಿ ಟವೆಲ್ ಹೊದಿಸುತ್ತೇನೆ.

ಈಗ ಬಿದ್ರಿ. ಕಪ್ಪು ಮಾಡಿದ ಸತು-ತಾಮ್ರದ ಮಿಶ್ರಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ. ಮೀಟರು ಕಪ್ಪನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಬೆಳ್ಳಿ ಸುಟ್ಟುಹೋಗುತ್ತದೆ, ಕಪ್ಪು ಬೂದಿಯಾಗುತ್ತದೆ. ಅದಕ್ಕೇ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರಿನ ಬೆಳಕನ್ನು ತಿದ್ದುವುದು) ಮೈನಸ್ 1ರಿಂದ ಮೈನಸ್ 1.3. ಪೋಲರೈಸರ್ ಫಿಲ್ಟರ್ ಹಾಕಿದರೆ ಹೊಳಪು ಹೋಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನೀರು, ಗಾಜಿಗೆ ಅದು ನಿಜ, ಬೆಳ್ಳಿಯ ಹೊಳಪಿಗೆ ಅಲ್ಲ. ಲೋಹ ಆ ರೀತಿ ಬೆಳಕನ್ನು ಧ್ರುವೀಕರಿಸುವುದಿಲ್ಲ. ಲೈಟಿನ ಮುಂದೆ ದೊಡ್ಡ ಬಟರ್ ಪೇಪರ್ ಕಟ್ಟಿ ಬೆಳಕನ್ನು ಹರಡುವುದೇ ದಾರಿ.

ಹೂಜಿಯ ಕುತ್ತಿಗೆಯಿಂದ ಹೊಟ್ಟೆಯವರೆಗೆ ಎಲ್ಲ ಬಳ್ಳಿಯೂ ಸ್ಪಷ್ಟ ಬರಬೇಕಾದರೆ ಫೋಕಸ್ ಬದಲಿಸುತ್ತ ಸಾಲಾಗಿ ಫೋಟೋ ಹಿಡಿದು ಸೇರಿಸಬೇಕು. ಝಡ್6 ಟುನಲ್ಲಿ ‘ಫೋಕಸ್ ಶಿಫ್ಟ್’ ಇದೆ: ಎಫ್/8, ಹೆಜ್ಜೆಯ ಅಗಲ 3, 30 ಫೋಟೋ, ಫೋಕಸ್ ಅತಿ ಮುಂದಿನ ಅಂಚಿನಿಂದ ಶುರು. ಆರ್6 ಮಾರ್ಕ್ ಟುನಲ್ಲಿ ಫೋಕಸ್ ಬ್ರಾಕೆಟಿಂಗ್ ಇದೆ, ಒಳಗೇ ಸೇರಿಸಿ ಜೆಪೆಗ್ ಕೊಡುತ್ತದೆ. ಗಿರಾಕಿ ಪಕ್ಕದಲ್ಲಿದ್ದರೆ ತೋರಿಸಲು ಅನುಕೂಲ. ಎ7 ಫೋರ್‌ನಲ್ಲಿ ಈ ಸೌಲಭ್ಯವೇ ಇಲ್ಲ, ಉಂಗುರ ಕೈಯಿಂದ ತಿರುಗಿಸಬೇಕು. ಬಿದ್ರಿ ಕೆಲಸವೇ ಮುಖ್ಯ ಎನ್ನುವವರಿಗೆ ನಾನು ನಿಕಾನ್ ಮತ್ತು 105 ಮಿ.ಮೀ. ಮ್ಯಾಕ್ರೋ (ತೀರಾ ಹತ್ತಿರದಿಂದ ಹಿಡಿಯುವ ಲೆನ್ಸ್) ಹೇಳುತ್ತೇನೆ. ಕ್ಯಾನನ್‌ನ ಆರ್‌ಎಫ್ 100 ಮ್ಯಾಕ್ರೋ 1.4 ಪಟ್ಟು ಹಿಗ್ಗಿಸುತ್ತದೆ, ಬೆಳ್ಳಿ ತಂತಿಯ ಅಂಚಿನ ಉಳಿ ಗುರುತೂ ಕಾಣುತ್ತದೆ, ಬೆಲೆ ಮಾತ್ರ ಜೋರು.

ಕಲಬುರಗಿ ಕೋಟೆಯ 1367ರ ಜಾಮಾ ಮಸೀದಿಗೆ ಅಂಗಳವಿಲ್ಲ, ಇಡೀ ಕಟ್ಟಡಕ್ಕೆ ಮೇಲೆ ಚಾವಣಿ. ಒಳಗಿನ ಕಮಾನು ಸಾಲು ಮಬ್ಬು, ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕ ತಡೆಯುವುದು) ಮೂರರಲ್ಲೂ ಇದೆ. ಕಂಬಕ್ಕೆ ಭುಜ ಆನಿಸಿ 1/8 ಸೆಕೆಂಡು ಹಿಡಿಯಬಹುದು. ಇಲ್ಲಿ ಗೆಲ್ಲುವುದು ಅಗಲ ಲೆನ್ಸ್: ನಿಕಾನ್ 14-30 ಎಫ್/4, ಕ್ಯಾನನ್ 14-35 ಎಫ್/4. ಸೋನಿಯ ಪವರ್ ಝೂಮ್ 16-35 ಎಫ್/4 ಬರೀ 353 ಗ್ರಾಂ, ಆದರೆ ಕಮಾನಿನ ಕೆಳಗೆ ಆ ಎರಡು ಮಿ.ಮೀ. ಕೊರತೆ ಕಾಣುತ್ತದೆ.

ಕೊನೆಗೆ ದುಡ್ಡಿನ ಲೆಕ್ಕ. ಕಪಾಟಿನಲ್ಲಿ ಕನ್ನಡಿಯ ಕ್ಯಾಮೆರಾ ಕಾಲದ ಹಳೇ ಕ್ಯಾನನ್ ಇಎಫ್ ಲೆನ್ಸ್‌ಗಳಿದ್ದರೆ ಯೋಚನೆ ಬೇಡ, ಅಡಾಪ್ಟರ್ ಹಾಕಿ ಆರ್6 ಮಾರ್ಕ್ ಟು; ಫೋಕಸ್ ಪೂರ್ತಿ ನಡೆಯುತ್ತದೆ. ನಿಕಾನ್ ಎಎಫ್-ಎಸ್ ಲೆನ್ಸ್ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಸರಿ, ಆದರೆ ಬಾಡಿಯ ಮೋಟರಿನಿಂದ ಓಡುತ್ತಿದ್ದ ಎಎಫ್-ಡಿ ಲೆನ್ಸ್‌ಗಳಿಗೆ ಆಟೋಫೋಕಸ್ ಸಿಗುವುದಿಲ್ಲ. ಸೊನ್ನೆಯಿಂದ ಶುರು ಮಾಡುವವರಿಗೆ ಸೋನಿ. ಬೇರೆ ಕಂಪನಿಗಳಾದ ಟ್ಯಾಮ್ರಾನ್, ಸಿಗ್ಮಾದ ಲೆನ್ಸ್ ಬೇಕಾದಷ್ಟಿವೆ, ಸೆಕೆಂಡ್ ಹ್ಯಾಂಡೂ ಸಿಗುತ್ತವೆ. ಕ್ಯಾನನ್ ಆರ್‌ಎಫ್‌ಗೆ 2024ರಲ್ಲಿ ಆ ಎರಡು ಕಂಪನಿಗಳ ಆಟೋಫೋಕಸ್ ಲೆನ್ಸ್ ಬಂದದ್ದು ಎಪಿಎಸ್-ಸಿ ಅಳತೆಯವು (ಸಣ್ಣ ಸೆನ್ಸರಿಗೆ), ಈ ಮೂರರಂಥ ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಪೂರ್ತಿ ತುಂಬುವುದಿಲ್ಲ. ಟ್ಯಾಮ್ರಾನ್‌ನ 17-28, 28-75, 70-180, ಮೂರೂ ಎಫ್/2.8, ಮೂರಕ್ಕೂ ಫಿಲ್ಟರ್ ಅಳತೆ 67 ಮಿ.ಮೀ.: ಒಂದು ಎನ್‌ಡಿ (ಬೆಳಕು ತಗ್ಗಿಸುವ ಫಿಲ್ಟರ್), ಒಂದು ಪೋಲರೈಸರ್ ಕೊಂಡರೆ ಮದುವೆ ಚೀಲ ತುಂಬಿತು. ನಿಕಾನ್ ತನ್ನ ಹೆಸರಲ್ಲೇ ಇದೇ ಅಳತೆಯ ಮೂರು ಝಡ್ ಲೆನ್ಸ್ ಮಾರುತ್ತದೆ, ಅವಕ್ಕೂ 67.